ಬಸ್‌ಸ್ಟ್ಯಾಂಡ್ ಎದುರಿನ ಹಳೇ ಎಸ್‌ಟಿಡಿ ಬೂತ್: ಊರಿನ ಚಿತ್ರಶಾಲೆ ಮಾಡಬಹುದಾ?

ಮಳೆಗಾಲ

ಊರಿನ ಹೆಸರು ಬರೆಯಲ್ಲ, ಸಾಗರದ ಕಡೆಯ ಒಂದು ಸಣ್ಣ ಪೇಟೆ ಅಂತ ಇಟ್ಕೊಳ್ಳಿ. ಬಸ್‌ಸ್ಟ್ಯಾಂಡ್ ಎದುರು ಸೈಕಲ್ ಶಾಪಿನ ಜಗಲಿ ಮೇಲೆ ಹಳೇ ಎಸ್‌ಟಿಡಿ ಬೂತಿನ (ದುಡ್ಡು ಕೊಟ್ಟು ಬೇರೆ ಊರಿಗೆ ಫೋನ್ ಮಾಡ್ತಿದ್ದ ಜಾಗ) ಡಬ್ಬ ಒಂದು ಉಳ್ಕೊಂಡಿದೆ. ಅಲ್ಯೂಮಿನಿಯಂ ಚೌಕಟ್ಟು, ಮೂರು ಕಡೆ ಗಾಜು, ಬೆನ್ನಿಗೆ ಸನ್‌ಮೈಕಾ ಅಂಟಿಸಿದ ಪ್ಲೈವುಡ್. ಎರಡೂವರೆ ಅಡಿ ಅಗಲ, ಅಷ್ಟೇ ಆಳ, ಏಳು ಅಡಿ ಎತ್ತರ. ಮೇಲಿನ ಹಳದಿ ಬೋರ್ಡಲ್ಲಿ 'ಐಎಸ್‌ಡಿ' ಅಳಿಸಿಹೋಗಿದೆ, 'ಲೋಕಲ್' ಮಾತ್ರ ಗಟ್ಟಿಯಾಗಿ ನಿಂತಿದೆ. ಒಳಗೆ ಈಗ ಹರಿದ ಟ್ಯೂಬು, ಒಂದು ಮುರಿದ ಕ್ಯಾರಿಯರ್.

ಶಾಪಿನವರು ಗುಜರಿಗೆ ಹಾಕ್ತೀನಿ ಅಂದ್ರು. ನಾನು ತಡೆದೆ. ತಡೆದ ತಪ್ಪಿಗೆ ಈಗ ಏನಾದ್ರೂ ಮಾಡ್ಬೇಕಲ್ಲ. ತಲೆಯಲ್ಲಿರೋದು ಇಷ್ಟು: ತಿಂಗಳಿಗೆ ಒಬ್ಬರಂತೆ ಊರಿನವರ ಕೆಲಸ ಒಳಗಿಡೋದು. ಚಿತ್ರ, ಫೋಟೋ, ಕಸೂತಿ, ಶಾಲೆ ಮಕ್ಕಳ ಮಣ್ಣಿನ ಗೊಂಬೆ, ಏನಾದ್ರೂ ಸರಿ. ಬಸ್ಸಿಗೆ ಕಾಯೋರು ನೋಡ್ತಾರೆ. ಯಾರಾದ್ರೂ ಇಂಥದ್ದು ಮಾಡಿದ್ದೀರಾ? ಮಾಡಿ ಕೈ ಸುಟ್ಕೊಂಡಿದ್ದೀರಾ? ಎರಡನೇದು ಹೇಳಿದ್ರೆ ಇನ್ನೂ ಉಪಕಾರ.

ಕಡಕ್‌ರೊಟ್ಟಿ

ಕೈ ಸುಟ್ಕೊಂಡಾಂವ ನಾನ ರೀ. ಹುಬ್ಬಳ್ಳ್ಯಾಗ ನಮ್ಮ ಓಣಿ ಬಸ್‌ಸ್ಟಾಪಿನಾಗ ಪುಸ್ತಕದ ಕಪಾಟ ಇಟ್ಟಿದ್ವಿ. 'ಒಂದು ತಗೋರಿ, ಒಂದು ಇಡ್ರಿ' ಅಂತ ಬೋರ್ಡ್ ಬ್ಯಾರೆ. ಮೊದಲನೇ ವಾರ ಫೋಟೋ ತೆಗಸ್ಕೊಂಡ್ರು. ಎರಡನೇ ವಾರ ಪುಸ್ತಕ ಹ್ವಾದವು. ಮೂರನೇ ವಾರ ಕಪಾಟಿನ ಬಾಗಲ ಹೋತು. ಆಮ್ಯಾಲೆ ಅದರಾಗ ಏನ್ ತುಂಬಿತು ಅಂತ ಕೇಳಬ್ಯಾಡ್ರಿ, ಗುಟ್ಕಾ ತಿನ್ನಾವ್ರಿಗೆ ಒಂದು ಮೂಲಿ ಸಿಕ್ಕರ ಸಾಕು.

ಕಲಾ ಗಿಲಾ ಆಮ್ಯಾಲೆ. ಕೀಲಿ ಯಾರ ಕಡೆ ಇರತೈತಿ, ಅದನ್ನ ಮೊದಲ ಹೇಳ್ರಿ.

ಯಾರ್ಕ್‌ಷೈರ್‌ನಿಂದ

ನಾನಿರುವ ಕಡೆಯಿಂದ ಒಂದು ಗಂಟೆ ಕಾರಿನಲ್ಲಿ ಹೋದರೆ ಸೆಟ್ಲ್ ಅಂತ ಒಂದು ಊರು. ಅದರ ಮೇಲ್ಗೇರಿಯಲ್ಲಿ, ಒಂದು ತುಂಡು ಹುಲ್ಲುಹಾಸಿನ ಪಕ್ಕ, ಕೆಂಪು ಫೋನ್ ಡಬ್ಬ ಇದೆ. ಹೆಸರು 'ಗ್ಯಾಲರಿ ಆನ್ ದಿ ಗ್ರೀನ್'. 2009ರಿಂದ ಅದು ಚಿತ್ರಶಾಲೆ. ನಿಮ್ಮ ಲೆಕ್ಕದಲ್ಲೇ ಇದೆ ನೋಡಿ, ಮೂರಡಿಗೆ ಮೂರಡಿ. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೆ ಕಾಯಬೇಕು. ಊರಿನವರ ಪೋಸ್ಟ್‌ಕಾರ್ಡ್ ಗಾತ್ರದ ಕೆಲಸಗಳನ್ನೂ ತೂಗುಹಾಕಿದ್ದಾರೆ, ಕ್ವೀನ್ ತಂಡದ ಗಿಟಾರ್ ವಾದಕ ಬ್ರಯಾನ್ ಮೇ ಅವರ ಫೋಟೋಗಳನ್ನೂ ತೂಗುಹಾಕಿದ್ದಾರೆ. ಎರಡಕ್ಕೂ ಜಾಗ ಅಷ್ಟೇ.

ಇಲ್ಲಿ ಇದು ಹೇಗೆ ಶುರುವಾಯಿತು ಅಂದರೆ, ಮೊಬೈಲ್ ಬಂದು ಡಬ್ಬಗಳಿಗೆ ಯಾರೂ ಹೋಗದಂತಾದಾಗ ಅವುಗಳ ಒಡೆತನದ ಬಿಟಿ (ಬ್ರಿಟಿಷ್ ಟೆಲಿಕಾಂ) ಕಂಪನಿ 2008ರಲ್ಲಿ ಅವನ್ನು ದತ್ತು ಕೊಡಲು ಹೊರಟಿತು. ಬೆಲೆ ಒಂದು ಪೌಂಡ್. ಫೋನ್ ಯಂತ್ರ ಬಿಚ್ಚಿಕೊಂಡು ಹೋಗುತ್ತಾರೆ, ಖಾಲಿ ಡಬ್ಬ ಊರಿನ ಪಂಚಾಯಿತಿಗೆ. ಅಲ್ಲಿಂದಾಚೆ ಬಣ್ಣ, ಗಾಜು, ಬಾಗಿಲು ಎಲ್ಲವೂ ಊರಿನವರ ತಲೆನೋವು. ಸಾವಿರಗಟ್ಟಲೆ ಡಬ್ಬ ಹೀಗೆ ಕೈ ಬದಲಾಯಿಸಿವೆ. ಸಾಮರ್‌ಸೆಟ್‌ನ ಒಂದು ಹಳ್ಳಿ ಸಂಚಾರಿ ಗ್ರಂಥಾಲಯ ನಿಂತುಹೋದಾಗ ಡಬ್ಬದೊಳಗೇ ಪುಸ್ತಕ ಇಟ್ಟುಕೊಂಡಿತು. (ಕಡಕ್‌ರೊಟ್ಟಿಯವರೇ, ಅಲ್ಲಿ ಪುಸ್ತಕ ಹೋಗಿಲ್ಲ. ಸಿಟ್ಟಾಗಬೇಡಿ.)

ಕಡಕ್‌ರೊಟ್ಟಿ

ಸಿಟ್ಟಿಲ್ಲ ಬಿಡ್ರಿ. ಅಲ್ಲಿ ಥಂಡಿಗೆ ಯಾರೂ ಹೊರಗ ಬರಂಗಿಲ್ಲ, ಪುಸ್ತಕ ಕದಿಯಾವ್ರು ಯಾರು.

ಗೋಡೆಬರಹ

ಬೆಂಗಳೂರಲ್ಲಿ ಮೆಟ್ರೋ ಸ್ಟೇಷನ್ ಗೋಡೆಗಳಿಗೆ ಚಿತ್ರ ಬರೆಯೋ ತಂಡಗಳ ಜೊತೆ ಓಡಾಡಿದ್ದೀನಿ. ನನ್ನ ಸಲಹೆ: ಒಳಗೆ ಇಡೋದನ್ನ ಮರೆತುಬಿಡಿ, ಡಬ್ಬವನ್ನೇ ಬಣ್ಣ ಮಾಡಿ. ಬ್ರೆಜಿಲ್‌ನ ಬೀದಿ ಫೋನ್ ನೋಡಿದ್ದೀರಾ? 'ಒರೆಲ್ಯೋಂ', ಅಂದ್ರೆ ದೊಡ್ಡ ಕಿವಿ. ಶಾಂಘೈಯಲ್ಲಿ ಹುಟ್ಟಿ ಬ್ರೆಜಿಲ್‌ಗೆ ಬಂದ ಚು ಮಿಂಗ್ ಸಿಲ್ವೇರಾ ಅನ್ನೋ ವಾಸ್ತುಶಿಲ್ಪಿ 1970ರ ದಶಕದ ಶುರುವಿನಲ್ಲಿ ಮಾಡಿದ್ದು. ಫೈಬರ್‌ಗ್ಲಾಸ್ ಮೊಟ್ಟೆಯನ್ನ ಅರ್ಧ ಒಡೆದು ಕಂಬಕ್ಕೆ ಸಿಕ್ಕಿಸಿದ ಹಾಗೆ. 2012ರಲ್ಲಿ ಸಾವೊ ಪೌಲೊದಲ್ಲಿ 100 ಕಿವಿಗಳನ್ನ ಕಲಾವಿದರಿಗೆ ಕೊಟ್ಟು ಬಣ್ಣ ಹಾಕಿಸಿದ್ರು. ಬೀದಿಯೇ ಗ್ಯಾಲರಿ. ಕೀಲಿಯೂ ಬೇಡ, ಬಾಗಿಲೂ ಬೇಡ.

ಇಂಗ್ಲೆಂಡಲ್ಲೇ ಬೇಕು ಅಂದ್ರೆ ಕಿಂಗ್‌ಸ್ಟನ್‌ನಲ್ಲಿ ಡೇವಿಡ್ ಮ್ಯಾಕ್ ಅನ್ನೋ ಶಿಲ್ಪಿ 1989ರಲ್ಲಿ 12 ಕೆಂಪು ಡಬ್ಬಗಳನ್ನ ಒಂದರ ಮೇಲೊಂದು ವಾಲಿಸಿಟ್ಟಿದ್ದಾರೆ, ಇಸ್ಪೀಟೆಲೆ ಸಾಲು ಬೀಳ್ತಾ ಇರೋ ಹಾಗೆ.

ಮಳೆಗಾಲ

ನನ್ನ ಹತ್ರ ಇರೋದು ಒಂದೇ ಡಬ್ಬ ಮಾರಾಯ್ರೆ. ಅದನ್ನೂ ವಾಲಿಸಿದ್ರೆ ಸೈಕಲ್ ಶಾಪಿನವರು ನನ್ನನ್ನ ವಾಲಿಸ್ತಾರೆ.

ಪಲ್ಸ್‌ಮೀಟರ್

ಬಹಳ ದಿನದ ಮೇಲೆ ಇಲ್ಲಿ ಬರೀತಿದ್ದೀನಿ, ಬೂತ್ ಅನ್ನೋ ಪದ ನೋಡಿ ಬಂದೆ. ನಾನು 1991ರಿಂದ 2006ರವರೆಗೆ ಎಸ್‌ಟಿಡಿ ಬೂತ್ ನಡೆಸಿದವನು. ಒಂದು ಕಾಲಿಗೆ ಪೋಲಿಯೋ, ಅಂಗವಿಕಲರಿಗೆ ಆದ್ಯತೆ ಇತ್ತು, ಹಾಗೆ ಸಿಕ್ಕಿದ್ದು. ಆ ಡಬ್ಬದ ಪಕ್ಕ ಕೂತು ಇಬ್ಬರು ತಂಗಿಯರ ಮದುವೆ ಮಾಡಿದ್ದೀನಿ.

ಈಗಿನ ಹುಡುಗರಿಗೆ ಗೊತ್ತಿರಲ್ಲ. ರಾತ್ರಿ 11 ದಾಟಿದ್ರೆ ಕಾಲು ರೇಟು. ಹತ್ತೂವರೆಗೇ ಜನ ಬಂದು ಕಟ್ಟೆ ಮೇಲೆ ಕೂರೋರು, ಅಡಿಕೆ ರೇಟು ಮಾತಾಡ್ತಾ. ಬೆಂಗಳೂರಿಗೆ ಆಗ ಕೋಡ್ 0812, ಆಮೇಲೆ 080 ಆಗಿದ್ದು. ಒಳಗಿದ್ದವರಿಗೆ ಮಾತಿಗಿಂತ ಜಾಸ್ತಿ ಕಣ್ಣು ಮೀಟರ್ ಮೇಲೆ, ಕೆಂಪು ಅಂಕಿ ಓಡ್ತಾ ಇರ್ತಿತ್ತಲ್ಲ. "ಹೂಂ, ಹೂಂ, ಇಡ್ತೀನಿ, ಅಮ್ಮಂಗೆ ಹೇಳು, ಇಡ್ತೀನಿ" ಅಂತಾನೇ ಎರಡು ನಿಮಿಷ ಕಳೆಯೋರು. ಗಾಜಿನ ಬಾಗಿಲು ಹಾಕಿದ್ರೂ ಎಲ್ಲಾ ಕೇಳೋದು. ಸಾವಿನ ಸುದ್ದಿ ಅಂದ್ರೆ ಗೊತ್ತಾಗಿಬಿಡ್ತಿತ್ತು, ಅಂಥವರ ಹತ್ರ ನಾನು ಚಿಲ್ಲರೆ ಎಣಿಸಿ ತಗೊಂಡವನಲ್ಲ.

ಮಳೆಗಾಲ ಅವರೇ, ಒಂದು ಮಾತು. ಬಣ್ಣ ಹೊಡೆಯೋ ಮೊದಲು ಒಳಗಿನ ಸನ್‌ಮೈಕಾ ಒರೆಸಿ ನೋಡಿ. ಪೆನ್ನಿನ ಬರಹ ಇರುತ್ತೆ. ನನ್ನ ಬೂತಲ್ಲಂತೂ ಗೋಡೆ ತುಂಬ ಇತ್ತು. ಬೈದ್ರೂ ಬರೀತಿದ್ರು.

ಕಡಕ್‌ರೊಟ್ಟಿ

ಅಡ್ಡಮಾತು ಅನ್ನಬ್ಯಾಡ್ರಿ, ಇದೊಂದು ಹೇಳಿಬಿಡ್ತೀನಿ. ಸಿ-ಡಾಟ್‌ನವರು (ಸರಕಾರದ ಟೆಲಿಫೋನ್ ಸಂಶೋಧನಾ ಸಂಸ್ಥೆ) ಹಳ್ಳಿ ಸಲುವಾಗಿ ಮಾಡಿದ 128 ಲೈನಿನ ಎಕ್ಸ್‌ಚೇಂಜ್ ಮೊದಲನೇ ಸಲ ಕುಂತದ್ದು ನಮ್ಮ ಕಿತ್ತೂರಿನಾಗ, 1986ರಾಗ. ಎಸಿ ಇಲ್ದನ ನಡೀತಿತ್ತು. ದಿಲ್ಲಿ ಅಲ್ಲ, ಬೆಂಗಳೂರಲ್ಲ, ಕಿತ್ತೂರು! ಬೂತಿನ ಗ್ಯಾಲರಿ ಮಾಡ್ತೀರಂದ್ರ ಅದನ್ನೂ ಒಂದು ಮೂಲ್ಯಾಗ ಬರೀರಿ.

ಕೆಮ್ಮಣ್ಣು

ನಮ್ಮನೆ ಸೊರಬ ತಾಲ್ಲೂಕು. ಅಮ್ಮ ಹಸೆ ಚಿತ್ತಾರ ಬರೀತಾರೆ, ನಮ್ಮ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಗೋಡೆ ಮೇಲೆ ಬರೆಯೋದು. ಗೋಡೆಗೆ ಕೆಮ್ಮಣ್ಣು ಸಾರಿಸಿ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚ ಹಿಡಿದು ಎಳೆ ಎಳೆಯೋದು. ಕಪ್ಪಿಗೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಇಲ್ಲಿ ಬೂತಿನ ವಿಷಯ ಓದಿ ಹೇಳಿದೆ. "ಸನ್‌ಮೈಕಾ ಮೇಲೆ ಹಿಟ್ಟು ನಿಲ್ಲಲ್ಲ, ಒಣಗಿದ ಮೇಲೆ ಹೊಪ್ಪಳಿಕೆ ಏಳುತ್ತೆ" ಅಂದ್ರು. ಹಲಗೆಗೆ ಮಣ್ಣು ಬಳಿದು ಒಣಗಿಸಿ ಅದರ ಮೇಲೆ ಬರೆದುಕೊಡಬಹುದಂತೆ.

ಒಂದು ಕಂಡೀಷನ್ ನನ್ನದು. ಯಾರೋ ಬಂದು ಅಕ್ರಿಲಿಕ್‌ನಲ್ಲಿ ಅದೇ ವಿನ್ಯಾಸ ಡಬ್ಬದ ಸುತ್ತ ಹೊಡೆದು 'ಜಾನಪದ ಕಲೆ' ಅಂತ ಬರೆಯೋದಾದ್ರೆ ನಾವು ಬರಲ್ಲ. ಅಂಥ ಗೋಡೆಗಳನ್ನ ಬೇಕಾದಷ್ಟು ನೋಡಿದ್ದೀವಿ. ಎಳೆ ಎಲ್ಲಿ ಶುರು ಎಲ್ಲಿ ಮುಗೀತದೆ ಅಂತಲೂ ಬರೆದವರಿಗೆ ಗೊತ್ತಿರಲ್ಲ.

ಗೋಡೆಬರಹ

ನನಗೇ ಹೇಳಿದ ಹಾಗಿದೆ, ಇರಲಿ. ಒಪ್ಕೋತೀನಿ, ಹಾಗೆ ಹೊಡೆದ ಗೋಡೆಗಳಲ್ಲಿ ಒಂದೆರಡು ನನ್ನವೂ ಇವೆ.

ಹೊರಗೆ ಬಣ್ಣ ಬೇಡ ಅಂದ್ರೂ ಒಂದು ಕೆಲಸ ಮಾಡಿ: ಜಾಗದ ಮಾಲೀಕರಿಂದ ಒಂದು ಸಾಲಿನ ಕಾಗದ ಬರೆಸಿಕೊಳ್ಳಿ. ಬಾಯಿಮಾತು ಸಾಕಾಗಲ್ಲ. ಚೆಲ್ಟನ್‌ಹ್ಯಾಮ್‌ನಲ್ಲಿ ಬ್ಯಾಂಕ್ಸಿ ಅನ್ನೋ, ಗುರುತು ಬಿಟ್ಟುಕೊಡದ ಬೀದಿ ಚಿತ್ರಗಾರ 2014ರಲ್ಲಿ ಒಂದು ಮನೆ ಗೋಡೆ ಮೇಲೆ, ಅಲ್ಲಿದ್ದ ಫೋನ್ ಡಬ್ಬದ ಸುತ್ತ ಕದ್ದು ಕೇಳೋ ಮೂವರು ಗೂಢಚಾರರನ್ನ ಬರೆದಿದ್ದ. ಅದೇ ಊರಲ್ಲಿ ಸರ್ಕಾರದ ಕದ್ದಾಲಿಕೆ ಕಚೇರಿ ಇದೆ, ಅದಕ್ಕೇ ಅಲ್ಲಿ. ಊರಿನವರು ಉಳಿಸೋಕೆ ಹೊರಟ್ರು, ಯಾರೋ ಮಾರೋಕೆ ಹೊರಟ್ರು, ಇನ್ಯಾರೋ ಮೇಲೇ ಗೀಚಿದ್ರು. ಮನೆ ಖಾಸಗಿ. 2016ರಲ್ಲಿ ಗೋಡೆ ರಿಪೇರಿ ಆಗೋ ಹೊತ್ತಿಗೆ ಚಿತ್ರವೇ ಇಲ್ಲ. ನಮ್ಮಲ್ಲಿ ಜಾಗ ಸಾರ್ವಜನಿಕರ ಕಣ್ಣಿಗೆ ಬೀಳೋ ಹಾಗಿದ್ರೆ 1981ರ ವಿರೂಪ ತಡೆ ಕಾಯ್ದೆ ಬೇರೆ ಇದೆ, ಪೋಸ್ಟರ್ ಅಂಟಿಸಿದ್ರೂ ಕೇಸು ಹಾಕಬಹುದು. ಜಗಲಿ ಶಾಪಿನವರದ್ದಾ, ಪಂಚಾಯ್ತಿದ್ದಾ?

ಮಳೆಗಾಲ

ಜಗಲಿ ಶಾಪಿನವರದ್ದೇ, ಚರಂಡಿ ಈಚೆಗಿದೆ. ಕಾಗದ ಬರೆದುಕೊಟ್ರು. "ಡಬ್ಬ ಊರಿಗೆ, ಜಾಗ ನನಗೆ, ಗಾಳಿ ಹಾಕೋ ಪಂಪಿಗೆ ಅಡ್ಡ ಬರಬಾರದು" ಅಂತ ಅವರದೇ ಕೈಬರಹ. ಚೌಕಟ್ಟು ಹಾಕಿ ಅದನ್ನೇ ಮೊದಲು ತೂಗುಹಾಕೋಣ ಅನ್ನಿಸ್ತು.

ಈಗ ಮುಖ್ಯ ಸುದ್ದಿ. ಪಲ್ಸ್‌ಮೀಟರ್ ಅವರು ಹೇಳಿದಂತೆ ಟ್ಯೂಬೆಲ್ಲ ಹೊರಗೆ ಹಾಕಿ, ಒದ್ದೆ ಬಟ್ಟೆಯಲ್ಲಿ ಮೆತ್ತಗೆ ಒರೆಸಿದೆ. ಗ್ರೀಸಿನ ಕೆಳಗೆ ಗೋಡೆ ತುಂಬ ಬರಹ. ಕೈಗೆ ಸಿಗೋ ಎತ್ತರದಲ್ಲಿ ಜಾಸ್ತಿ, ಫೋನ್ ಇಡೋ ಹಲಗೆಯ ಎಡಕ್ಕೆ ಕಪ್ಪಾಗೋ ಅಷ್ಟು. ಐದಂಕಿ ನಂಬರುಗಳು, ಕೆಲವಕ್ಕೆ ಮುಂದೆ 'ಪಿಪಿ' ಅಂತ. 'ಶಿರಸಿ 4-10' ಅಂತ ಒಂದು, ಬಸ್ ಟೈಮು ಇರಬೇಕು. 'ಹೆಣ್ಣು. 2-800' ಅಂತ ನೀಲಿ ಇಂಕಲ್ಲಿ, ಅದರ ಕೆಳಗೆ ಎರಡು ಗೆರೆ. ಯಾರೋ ಮಾತಾಡ್ತಾ ಮಾತಾಡ್ತಾ ಬಿಡಿಸಿದ ಸುರುಳಿ, ಸುರುಳಿಯಿಂದ ಒಂದು ಬಾಳೆಗೊನೆ, ಗೊನೆಯ ಪಕ್ಕ ಮೀಸೆ ಇರೋ ಮುಖ. ಒಂದು ಲೆಕ್ಕ: 340, 85, 60, ಕೂಡಿಸಿ 475 ಅಂತ ಬರೆದಿದ್ದಾರೆ, ಹತ್ತು ರೂಪಾಯಿ ತಪ್ಪಿದೆ.

ಒಂದು ಗಂಟೆ ಅಲ್ಲೇ ನಿಂತಿದ್ದೆ. ಬಿಳಿ ಬಣ್ಣ ತಂದಿಟ್ಟಿದ್ದೆ, ವಾಪಸ್ ಕೊಟ್ಟೆ.

ಕೆಮ್ಮಣ್ಣು

ಪಿಪಿ ಅಂದ್ರೇನು?

ಪಲ್ಸ್‌ಮೀಟರ್

ತಮ್ಮ ಮನೇಲಿ ಫೋನ್ ಇಲ್ಲದವರು ಪಕ್ಕದ ಮನೆ ನಂಬರ್ ಕೊಡೋರು. ಮದುವೆ ಕಾಗದದಲ್ಲೂ ಹಾಗೇ ಅಚ್ಚಾಗಿರೋದು, ನಂಬರ್ ಪಕ್ಕ ಪಿಪಿ. ಫೋನ್ ಮಾಡಿ "ಸ್ವಲ್ಪ ಪಕ್ಕದ ಮನೆಯವರನ್ನ ಕರೀರಿ" ಅನ್ನಬೇಕು. ಅವರು ಹೋಗಿ ಕರೆದು, ಅವರು ಒದ್ದೆ ಕೈ ಒರೆಸ್ಕೊಂಡು ಬರೋವರೆಗೂ ಮೀಟರ್ ಓಡ್ತಾನೇ ಇರೋದು. ಬುದ್ಧಿವಂತರು "ಹತ್ತು ನಿಮಿಷ ಬಿಟ್ಟು ಮತ್ತೆ ಮಾಡ್ತೀನಿ, ಕರೆಸಿಟ್ಟಿರಿ" ಅಂತ ಇಟ್ಟುಬಿಡೋರು.

ಯಾರ್ಕ್‌ಷೈರ್‌ನಿಂದ

ಆ ಗೋಡೆಯೇ ಪ್ರದರ್ಶನ. ಅದರ ಮೇಲೆ ಏನೂ ತೂಗುಹಾಕಬೇಡಿ.

ತೇವದ ಬಗ್ಗೆ ಎಚ್ಚರ. ನಮ್ಮ ಹಳ್ಳಿಯ ಡಬ್ಬವೂ ದತ್ತು ಪಡೆದದ್ದೇ. ಒಳಗೆ ಚಿತ್ರ ಇಡಬೇಕೋ, ಎದೆಬಡಿತ ನಿಂತಾಗ ಶಾಕ್ ಕೊಡುವ ಡಿಫಿಬ್ರಿಲೇಟರ್ ಇಡಬೇಕೋ ಎಂದು ಮೂರು ಸಭೆ ನಡೆಯಿತು. ಕೊನೆಗೆ ಯಂತ್ರ ಬೆನ್ನಿಗೆ, ಚಿತ್ರ ಎರಡು ಬದಿಗೆ ಅಂತ ರಾಜಿ. ಮೊದಲ ಚಳಿಗಾಲಕ್ಕೇ ಜಲವರ್ಣ ಚಿತ್ರಗಳಿಗೆ ಬೂಷ್ಟು ಹಿಡಿಯಿತು. ಬೆಳಗ್ಗೆ ಗಾಜಿನ ಒಳಮೈ ಮೇಲೆ ನೀರು ಇಳಿಯುತ್ತಿತ್ತು. ತಪ್ಪು ನಮ್ಮದೇ. ಮಾಡಿನ ಕೆಳಗೆ ಗಾಳಿಯಾಡಲು ಇದ್ದ ಸೀಳನ್ನು ಬಣ್ಣ ಬಳಿಯುವಾಗ ಮುಚ್ಚಿಬಿಟ್ಟಿದ್ದೆವು. ಒಂದು ಬದಿಗೆ 24 ಗಾಜು, ಮೂರು ಬದಿ, ಅಷ್ಟರ ಅಂಚನ್ನೂ ಕಣ್ಣಿಟ್ಟು ಬಳಿದವರಿಗೆ ಆ ಸೀಳು ಕಾಣಲಿಲ್ಲ! 1935ರಲ್ಲಿ ಆ ಡಬ್ಬ ವಿನ್ಯಾಸ ಮಾಡಿದ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ಸೀಳನ್ನು ಸುಮ್ಮನೆ ಇಟ್ಟಿರಲಿಲ್ಲ. ನಿಮ್ಮದು ಮಲೆನಾಡು. ಮೇಲೆ ಕೆಳಗೆ ಎರಡೂ ಕಡೆ ಗಾಳಿಗೆ ದಾರಿ ಬಿಡಿ, ಕಾಗದದ ಕೆಲಸ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ.

ಬೆಸುಗೆ

ಎಲೆಕ್ಟ್ರಾನಿಕ್ಸ್ ರಿಪೇರಿ ನನ್ನ ಕಸುಬು. ಡಬ್ಬದಲ್ಲಿ ಫೋನ್ ಇಲ್ಲದಿದ್ರೆ ಹೇಗ್ರೀ? ಮನೇಲಿ ಬೆಂಗಳೂರು ಐಟಿಐನ (ಫೋನ್ ತಯಾರಿಸ್ತಿದ್ದ ಸರ್ಕಾರಿ ಕಾರ್ಖಾನೆ) ಹಳೇ ಕಪ್ಪು ಫೋನಿದೆ, ಕೊಡ್ತೀನಿ. ರಿಸೀವರ್ ಎತ್ತಿದ್ರೆ ಊರಿನ ಹಿರಿಯರ ದನಿ ಕೇಳೋ ಹಾಗೆ ಮಾಡಬಹುದು. ಸಣ್ಣ ಎಂಪಿ3 ಮಾಡ್ಯೂಲ್, ಮೆಮೊರಿ ಕಾರ್ಡ್, ಹುಕ್ ಸ್ವಿಚ್ಚಿನ ಎರಡು ವೈರು. ಎತ್ತಿದಾಗ ಶುರು, ಇಟ್ಟಾಗ ನಿಲ್ಲು. ಸಾಮಾನಿಗೆ ಐನೂರು ರೂಪಾಯಿ ದಾಟಲ್ಲ.

ಒಂದು ಸಲ ಶಾಲೆ ಕಾರ್ಯಕ್ರಮಕ್ಕೆ ಹೀಗೇ ಮಾಡಿ ಪೇಚಿಗೆ ಸಿಕ್ಕಿದ್ದೆ. ಪವರ್ ಬ್ಯಾಂಕ್ ಹಾಕಿದ್ದೆ. ಯಾರೂ ಎತ್ತದೆ ಅರ್ಧ ನಿಮಿಷ ಆದ್ರೆ ಕರೆಂಟ್ ಎಳೆತ ಕಮ್ಮಿ ಆಗಿ ಬ್ಯಾಂಕ್ ತಾನೇ ಆಫ್. ಮುಖ್ಯ ಅತಿಥಿ ಎತ್ತಿದ್ರು, ಮೌನ. "ಹಲೋ ಹಲೋ" ಅಂದ್ರು. ಮಕ್ಕಳು ನಕ್ಕಿದ್ದೇ ನಕ್ಕಿದ್ದು. ಸೈಕಲ್ ಶಾಪಿಂದ ಒಂದು ಐದು ವೋಲ್ಟಿನ ಅಡಾಪ್ಟರ್ ಎಳೀರಿ, ಆ ರಗಳೆ ಇರಲ್ಲ.

ಯಾರ್ಕ್‌ಷೈರ್‌ನಿಂದ

ಜಪಾನಿನ ಒತ್ಸುಚಿಯಲ್ಲಿ ಇತಾರು ಸಸಾಕಿ ಎಂಬ ತೋಟಗಾರ ತನ್ನ ಹಿತ್ತಲಿನಲ್ಲಿ ಬಿಳಿ ಫೋನ್ ಡಬ್ಬ ಇಟ್ಟಿದ್ದಾರೆ. ತಂತಿ ಎಲ್ಲಿಗೂ ಹೋಗುವುದಿಲ್ಲ. ಸತ್ತ ದಾಯಾದಿಯೊಬ್ಬರ ಜೊತೆ ಮಾತಾಡಲೆಂದು ಇಟ್ಟದ್ದು. 2011ರ ಮಾರ್ಚ್ 11ರ ಸುನಾಮಿ ಆದ ಮೇಲೆ ಸಾವಿರಾರು ಜನ ಬಂದು ಅಲ್ಲಿಂದ ತಮ್ಮವರ ಜೊತೆ ಮಾತಾಡಿದರು. ನಿಮ್ಮ ಫೋನಿನಲ್ಲಿ ದನಿ ತುಂಬಲೇಬೇಕಾ ಅಂತ ಒಮ್ಮೆ ಯೋಚಿಸಿ.

ಬೆಸುಗೆ

ತುಂಬದಿದ್ರೆ ನನ್ನ ಕೆಲಸ ಉಳೀತು. ಆದ್ರೆ ಬಸ್‌ಸ್ಟ್ಯಾಂಡಲ್ಲಿ ಖಾಲಿ ಫೋನ್ ಹಿಡಿದು ಮಾತಾಡಿದ್ರೆ ಊರವರು ಏನಂತಾರೆ, ನೀವೇ ಹೇಳಿ. ಹಿತ್ತಲೇ ಬೇರೆ.

ಕಡಕ್‌ರೊಟ್ಟಿ

ಅದು ಖರೇ. ಆದ್ರ ಗ್ವಾಡಿ ಮ್ಯಾಲಿನ ನಂಬರ್ ಬಗ್ಗೆ ಯಾರೂ ಮಾತಾಡವಲ್ರಿ. ಮಂದಿ ನಂಬರ್ ಹಂಗ ಬಯಲಿಗೆ ಇಡೂದು ಚಲೋ ಏನು?

ಮಳೆಗಾಲ

ಐದಂಕಿ ನಂಬರು, ಯಾವುದೂ ಈಗ ಬದುಕಿರಲ್ಲ ಅಂದ್ಕೊಂಡೆ.

ಪಲ್ಸ್‌ಮೀಟರ್

ಹಾಗೆ ಅಂದ್ಕೋಬೇಡಿ. ಆಮೇಲೆ ಎಲ್ಲಾ ನಂಬರಿನ ಶುರುವಿಗೆ 2 ಸೇರಿಸಿದ್ರು ನೆನಪಿದೆಯಾ? ಐದಂಕಿ ಆರಂಕಿ ಆಯ್ತು. ಲ್ಯಾಂಡ್‌ಲೈನ್ ತೆಗೆಸದ ಮನೆಗಳಲ್ಲಿ ಅದೇ ನಂಬರ್ ಇರಬಹುದು.

ಮಳೆಗಾಲ

ಒಂದಕ್ಕೆ 2 ಸೇರಿಸಿ ಹಚ್ಚಿದೆ. ಪಿಪಿ ಅಂತ ಬರೆದಿದ್ದ ನಂಬರು. ರಿಂಗ್ ಆಯ್ತು. ನಾಲ್ಕು ಸಲ ಆಯ್ತು, ನನಗೆ ಏನು ಹೇಳಬೇಕು ಅಂತಲೇ ತೋಚದೆ ಇಟ್ಟುಬಿಟ್ಟೆ. ಅವರು ಎತ್ತಿದ್ರೆ ಯಾರನ್ನ ಕರೀರಿ ಅನ್ನಲಿ?

ಅಲ್ಲಿಗೆ ತೀರ್ಮಾನ ಆಯ್ತು. ನಂಬರಿನ ಕೊನೇ ಎರಡು ಅಂಕಿ ಮೇಲೆ ಸಣ್ಣ ಕಾಗದದ ಪಟ್ಟಿ. ಅಂಟು ಗೋಡೆಗೆ ತಾಗದ ಹಾಗೆ ಮೇಲೊಂದು ಅಕ್ರಿಲಿಕ್ ಹಾಳೆ, ನಾಲ್ಕು ಮೂಲೆಗೆ ಸ್ಕ್ರೂ. ಅದರ ಮೇಲೆ ಪಟ್ಟಿ. ಕೆಮ್ಮಣ್ಣು ಅವರೇ, ಅಕ್ರಿಲಿಕ್ ಅಂದೆ ಅಂತ ಬೇಜಾರಾಗಬೇಡಿ, ಇದು ಬಣ್ಣ ಅಲ್ಲ.

ಕೆಮ್ಮಣ್ಣು

ಹೋಗ್ಲಿ ಬಿಡಿ :) ಅಮ್ಮನಿಗೆ ಗೋಡೆಯ ಫೋಟೋ ತೋರಿಸಿದೆ. ಬಾಳೆಗೊನೆ ನೋಡಿ "ಇದು ಹೆಂಗಸಿನ ಕೈ" ಅಂದ್ರು. ಹೇಗೆ ಅಂತ ಕೇಳಿದ್ರೆ ಹೇಳಲಿಲ್ಲ.

ಹಲಗೆ ಬೇಡ, ಭೂಮಿ ಹುಣ್ಣಿಮೆ ಬುಟ್ಟಿ ಕೊಡ್ತೀನಿ ಅಂತಿದ್ದಾರೆ. ಹಬ್ಬದ ಹಿಂದಿನ ದಿನಗಳಲ್ಲಿ ಬುಟ್ಟಿಗೆ ಮಣ್ಣು ಬಳಿದು ಚಿತ್ತಾರ ಬರೆದು, ಅದರಲ್ಲಿ ಎಡೆ ಹೊತ್ತು ಗದ್ದೆಗೆ ಹೋಗೋದು. ಹಬ್ಬ ಆದ ಮೇಲೆ ಫೋನ್ ಇಡ್ತಿದ್ದ ಹಲಗೆ ಮೇಲೆ ಇಡಬಹುದು, ಗೋಡೆಗೆ ಅಡ್ಡ ಆಗಲ್ಲ. ಬುಟ್ಟಿ ಖಾಲಿ ಇಡಬಾರದಂತೆ, ಒಂದು ಹಿಡಿ ಭತ್ತ ಹಾಕಬೇಕಂತೆ.

ಗೋಡೆಬರಹ

ಭತ್ತ ಇಟ್ರೆ ಇಲಿ ಬರುತ್ತೆ.

ಕೆಮ್ಮಣ್ಣು

ಅಮ್ಮ: "ಬರಲಿ. ಗದ್ದೆಗೂ ಬರ್ತದೆ."

ಬೆಸುಗೆ

ಹಾಗಾದ್ರೆ ಹಲಗೆ ಮೇಲೆ ಫೋನಿಗೆ ಜಾಗ ಇಲ್ಲ. ಬದಿಗೆ ತೂಗುಹಾಕೋ ಹಾಗೆ ಕ್ಲ್ಯಾಂಪ್ ಮಾಡ್ತೀನಿ. ದನಿ ಒಂದೇ ಸಾಕು, ಪಲ್ಸ್‌ಮೀಟರ್ ಅವರದ್ದು. ಹತ್ತೂವರೆಗೆ ಜನ ಬಂದು ಕಟ್ಟೆ ಮೇಲೆ ಕೂರ್ತಿದ್ದ ಕತೆ. ರೆಕಾರ್ಡ್ ಮಾಡಿ ಕಳಿಸ್ತೀರಾ ಸಾರ್?

ಪಲ್ಸ್‌ಮೀಟರ್

ನನಗೆ ಈಗ ಕಿವಿ ಮಂದ. ಮಗಳು ಮಾಡಿಕೊಡ್ತಾಳಂತೆ. ಮೂರು ನಿಮಿಷಕ್ಕಿಂತ ಜಾಸ್ತಿ ಮಾತಾಡಲ್ಲ, ಅಭ್ಯಾಸ.

ಕಡಕ್‌ರೊಟ್ಟಿ

ಎಲ್ಲಾ ಆತು. ನಾ ಮೊದಲನೇ ದಿನ ಕೇಳಿದ್ದಕ್ಕ ಇನ್ನೂ ಉತ್ತರ ಬಂದಿಲ್ಲ.

ಮಳೆಗಾಲ

ಬಂತು. ಡಬ್ಬದ ಪಕ್ಕ ಹೂವು ಮಾರೋ ಅಕ್ಕ ಬೆಳಗ್ಗೆ ಆರಕ್ಕೆ ಬಂದ್ರೆ ಕೊನೇ ಬಸ್ ಹೋಗೋವರೆಗೂ ಕದಲಲ್ಲ. ಸುಮ್ನೆ ನೋಡ್ಕೊಳ್ಳಿ ಅಂತ ಕೇಳೋಕೆ ಸಂಕೋಚ ಆಯ್ತು. ಡಬ್ಬದ ಹೊರಗಡೆ ಅವರ ಹೂವಿನ ದಾರದ ಉಂಡೆ ನೇತುಹಾಕೋಕೆ ಎರಡು ಕೊಕ್ಕೆ ಹೊಡೆಸಿಕೊಟ್ಟೆ, ಮೇಲೆ ಒಂದೂವರೆ ಅಡಿ ತಗಡಿನ ಮಾಡು. ಈಗ ಮಳೆ ಬಂದ್ರೆ ಅವರೇ ಬಾಗಿಲು ಎಳೀತಾರೆ. ನಿನ್ನೆ ಗುಟ್ಕಾ ಜಗೀತಾ ಹತ್ತಿರ ಬಂದ ಹುಡುಗನಿಗೆ ಏನು ಬೈದ್ರು ಅಂತ ಇಲ್ಲಿ ಬರೆಯೋ ಹಾಗಿಲ್ಲ.

ಕೀಲಿ ಮೂರು ಮಾಡಿಸಿದೆ. ಒಂದು ಸೈಕಲ್ ಶಾಪಲ್ಲಿ, ಒಂದು ಹೂವಿನಕ್ಕನ ಸೊಂಟದಲ್ಲಿ, ಒಂದು ನನ್ನ ಹತ್ರ. ನನ್ನದು ಆಗಲೇ ಕಳೆದಿದೆ.